ಜೀಪಿನ ಚಾಲಕದಂಡ: ಸವೆದ ಕೀಲನ್ನು ಬದಲಿಸುವ ಬಗೆ

ಹುಬ್ಬಳ್ಳಿಯಿಂದ ನವಲಗುಂದದ ಕಡೆಗೆ ಹೊರಟರೆ ರಸ್ತೆಯ ಎರಡು ಬದಿಗೂ ಎರೆಯ ಹೊಲಗಳು ಹರಡಿಕೊಂಡಿರುವುದು ಕಾಣುತ್ತದೆ. ಬೇಸಗೆಯಲ್ಲಿ ಆಳವಾಗಿ ಬಿರಿದುಕೊಳ್ಳುವ ಈ ನೆಲವು ಮಳೆ ಬಿದ್ದೊಡನೆ ನೀರನ್ನು ಹೀರಿ ಉಬ್ಬಿ, ಕಾಲಿಗೂ ಗಾಲಿಗೂ ಮೆತ್ತಿಕೊಳ್ಳುವ ಜಿಗುಟು ಕೆಸರಾಗುತ್ತದೆ. ಬೆಣ್ಣೆಹಳ್ಳ ತುಂಬಿ ಹರಿಯುವ ದಿನಗಳಲ್ಲಂತೂ ಹೊಲದ ದಾರಿಗಳಲ್ಲಿ ಸಾಮಾನ್ಯವಾದ ಮೋಟಾರು ಹೂತು ನಿಲ್ಲುವುದೇ ಹೊರತು ಮುಂದೆ ಸಾಗದು. ನಾಲ್ಕೂ ಗಾಲಿಗಳಿಗೆ ಎಂಜಿನಿನ ಬಲವನ್ನು ಮುಟ್ಟಿಸಬಲ್ಲ ಜೀಪು ಇಂಥ ಸೀಮೆಗೆ ಒಪ್ಪುವ ವಾಹನ. ಎರಡನೆಯ ಮಹಾಯುದ್ಧಕ್ಕಾಗಿ ಅಮೆರಿಕದಲ್ಲಿ ರೂಪುಗೊಂಡ ಈ ಗಾಡಿಯನ್ನು ೧೯೪೦ರ ದಶಕದ ಕೊನೆಯಲ್ಲಿ ಮಹೀಂದ್ರ ಸಂಸ್ಥೆಯವರು ಮುಂಬಯಿಯಲ್ಲಿ ಜೋಡಿಸತೊಡಗಿದರು.

ಆ ಸೀಮೆಯ ರೈತರೊಬ್ಬರು ಕೆಲವು ವರ್ಷಗಳ ಹಿಂದೆ ತಮ್ಮ ಹಳೆಯ ಜೀಪಿನ ಚಾಲಕದಂಡದ ಕೀಲು ಸವೆಯಿತೆಂದು ಗ್ಯಾರೇಜೊಂದರಲ್ಲಿ ಹೊಸ ಕೀಲನ್ನು ಹಾಕಿಸಿದರು. ಗಾಡಿ ಅಲ್ಲಿಂದ ಹೊರಬಿದ್ದುದೇ ತಡ, ನಡುಕ ಮೊದಲಿಗಿಂತ ಹೆಚ್ಚಾಯಿತು. ಎರಡು ತಿಂಗಳೊಳಗೆ ಆ ಕೀಲೂ ಸಡಿಲಗೊಂಡಿತು. ಮತ್ತೊಂದನ್ನು ಹಾಕಿಸಿದರು, ಅದರ ಗತಿಯೂ ಅಷ್ಟೇ ಆಯಿತು. “ಹೊಸಾದು ಹಾಕಿಸಿದ ಮ್ಯಾಲ ಹೆಚ್ಚಿಗಿ ನಡಗಾಕ ಹತ್ತೇತ್ರಿ” ಎಂದು ಅವರು ನನ್ನೊಡನೆ ಹೇಳಿಕೊಂಡಾಗ ಇಬ್ಬರೂ ಗಾಡಿಯ ಕೆಳಗೆ ತೂರಿ ನೋಡಿದೆವು. ಕೀಲಿನಲ್ಲಿ ದೋಷವಿರಲಿಲ್ಲ, ದಂಡವನ್ನು ಕೂಡಿಸಿದ ರೀತಿಯಲ್ಲಿ ದೋಷವಿತ್ತು. ಅದು ಎಂಥ ದೋಷವೆಂಬುದು ಮನವರಿಕೆಯಾಗಬೇಕಾದರೆ ಈ ದಂಡದ ಕೆಲಸವನ್ನು ಮೊದಲು ತಿಳಿಯಬೇಕು.

ಜೀಪಿನ ಎಂಜಿನು, ಗೇರುಪೆಟ್ಟಿಗೆ ಮತ್ತು ಅದರ ಹಿಂದಿರುವ ಟ್ರಾನ್ಸ್‌ಫರ್ ಪೆಟ್ಟಿಗೆ—ಈ ಮೂರೂ ಗಾಡಿಯ ಚೌಕಟ್ಟಿಗೆ ಬಿಗಿಯಲ್ಪಟ್ಟಿವೆ. ಅಚ್ಚುಗಳಾದರೋ ಪಟ್ಟಿ ಸ್ಪ್ರಿಂಗುಗಳ ಮೇಲೆ ಕುಣಿಯುತ್ತಿರುತ್ತವೆ. ಟ್ರಾನ್ಸ್‌ಫರ್ ಪೆಟ್ಟಿಗೆಯಿಂದ ಹಿಂದಿನ ಅಚ್ಚಿಗೆ ಒಂದು, ಮುಂದಿನ ಅಚ್ಚಿಗೆ ಒಂದು—ಹೀಗೆ ಎರಡು ಚಾಲಕದಂಡಗಳು ಬಲವನ್ನು ಒಯ್ಯುತ್ತವೆ. ಇವನ್ನೇ ಗ್ಯಾರೇಜಿನವರು ಪ್ರೊಪೆಲ್ಲರ್ ಶಾಫ್ಟ್ ಎನ್ನುವರು. ಗಾಲಿಯೊಂದು ಕಲ್ಲನ್ನೇರಿದಾಗ ಅಚ್ಚು ಮೇಲೇಳುತ್ತದೆ. ಆಗ ದಂಡದ ಓರೆ ಬದಲಾಗುತ್ತದೆ, ಎರಡು ತುದಿಗಳ ನಡುವಣ ದೂರವೂ ಬದಲಾಗುತ್ತದೆ. ಓರೆಯ ಬದಲಾವಣೆಗಾಗಿ ದಂಡದ ಎರಡು ತುದಿಗಳಲ್ಲಿ ಎರಡು ಕೀಲುಗಳಿವೆ. ಉದ್ದದ ಬದಲಾವಣೆಗಾಗಿ ಒಂದರೊಳಗೊಂದು ಜಾರುವ ಹಲ್ಲುಕೊಳವೆಯಿದೆ. ಹಳೆಯ ಜೀಪುಗಳಲ್ಲಿ ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ಇರುವ ಅಂತರ ೮೦ ಅಂಗುಲ, ಅಂದರೆ ಎರಡು ಮೀಟರಿಗಿಂತ ತುಸು ಹೆಚ್ಚು ಮಾತ್ರ. ಗಾಡಿ ಗಿಡ್ಡವಾದುದರಿಂದ ಹಿಂದಿನ ದಂಡವೂ ಗಿಡ್ಡ. ದಂಡ ಗಿಡ್ಡವಾದಷ್ಟೂ ಅಚ್ಚಿನ ಅದೇ ಏರಿಳಿತಕ್ಕೆ ಅದರ ಓರೆ ಹೆಚ್ಚುತ್ತದೆ.

ಈ ದಂಡದ ಮೇಲೆ ಬೀಳುವ ಹೊರೆ ಸಾಮಾನ್ಯವಾದುದಲ್ಲ. ಮೊದಲನೆಯ ಗೇರಿನ ಪ್ರಮಾಣ ೨.೮ ಎಂದೂ ಕೆಸರಿಗಾಗಿ ಹಾಕುವ ಕೆಳಗೇರಿನ ಪ್ರಮಾಣ ೨.೫ ಎಂದೂ ಇಟ್ಟುಕೊಂಡರೆ, ಎಂಜಿನಿನ ತಿರುಚುಬಲವು ದಂಡವನ್ನು ಮುಟ್ಟುವ ಹೊತ್ತಿಗೆ ಏಳು ಪಟ್ಟಾಗಿರುತ್ತದೆ. ವೇಗವೂ ಕಡಿಮೆಯದಲ್ಲ. ದಂಡವು ೫.೩೮ ಸುತ್ತು ತಿರುಗಿದರೆ ಗಾಲಿಯು ಒಂದು ಸುತ್ತು ತಿರುಗುವ ಜೀಪು, ಗಂಟೆಗೆ ೬೦ ಕಿಲೋಮೀಟರು ವೇಗದಲ್ಲಿ ಓಡುತ್ತಿದ್ದರೆ, ಅದರ ದಂಡವು ನಿಮಿಷಕ್ಕೆ ಸುಮಾರು ೨,೪೦೦ ಸುತ್ತು ತಿರುಗುತ್ತಿರುತ್ತದೆ.

ಎರಡು ದಂಡಗಳನ್ನು ಓರೆಯಾಗಿ ಕೂಡಿಸುವ ಕೀಲಿಗೆ ಯುರೋಪಿನಲ್ಲಿ ಇಟಲಿಯ ಕಾರ್ಡಾನೋವಿನ (೧೫೦೧-೧೫೭೬) ಹೆಸರೂ ಇಂಗ್ಲೆಂಡಿನಲ್ಲಿ ರಾಬರ್ಟ್ ಹುಕ್ಕನ ಹೆಸರೂ ಅಂಟಿಕೊಂಡಿವೆ. ಸ್ಪ್ರಿಂಗಿನ ನಿಯಮವನ್ನು ಕಲಿಯುವಾಗ ವಿದ್ಯಾರ್ಥಿಗಳು ಓದುವ ಹುಕ್ಕನೇ ಇವನು. ಮೋಟಾರಿಗೆ ತಕ್ಕಂತೆ ಇದನ್ನು ರೂಪಿಸಿ ೧೯೦೩ರಲ್ಲಿ ಪೇಟೆಂಟು ಪಡೆದವನು ಕ್ಲಾರೆನ್ಸ್ ಸ್ಪೈಸರ್. ಅದನ್ನು ಯೋಚಿಸಿದಾಗ ಅವನಿನ್ನೂ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿ ವಿದ್ಯಾರ್ಥಿ. ಅದಕ್ಕೆ ಮುಂಚೆ ಎಷ್ಟೋ ಮೋಟಾರುಗಳು ಸೈಕಲ್ಲಿನಂತೆ ಸರಪಳಿಯಿಂದಲೇ ಓಡುತ್ತಿದ್ದುವು.

ಕೀಲಿನ ರಚನೆ ಸರಳ. ಪ್ರತಿಯೊಂದು ದಂಡದ ತುದಿಯಲ್ಲಿಯೂ ಎರಡು ತೋಳುಗಳ ಕವೆಯಿದೆ. ಎರಡು ಕವೆಗಳ ನಡುವೆ ಕೂಡುಗುರುತಿನ ಆಕಾರದ ಉಕ್ಕಿನ ತುಂಡೊಂದಿದೆ. ಇದೇ ಅಂಗಡಿಗಳಲ್ಲಿ ದೊರೆಯುವ ‘ಯು.ಜೆ. ಕ್ರಾಸ್’. ಅದರ ನಾಲ್ಕು ಮೊನೆಗಳಿಗೆ ನಾಲ್ಕು ಉಕ್ಕಿನ ಕಪ್ಪುಗಳು. ಪ್ರತಿ ಕಪ್ಪಿನೊಳಗೂ ಸೂಜಿಯಂತೆ ಸಣ್ಣವಾದ ಉರುಳೆಗಳ ಸಾಲು. ಕ್ರಾಸಿನ ಎದುರುಬದುರಾದ ಎರಡು ಮೊನೆಗಳನ್ನು ಒಂದು ಕವೆಯೂ ಉಳಿದೆರಡನ್ನು ಇನ್ನೊಂದು ಕವೆಯೂ ಹಿಡಿದಿರುತ್ತವೆ.

ಇಷ್ಟು ಸರಳವಾದ ಕೀಲಿನಲ್ಲಿ ವಿಚಿತ್ರವಾದ ಗುಣವೊಂದಿದೆ. ಚಾಲಕ ಕವೆಯು ಒಂದೇ ಸಮನಾದ ವೇಗದಲ್ಲಿ ತಿರುಗಿದರೂ ಅದರಿಂದ ಚಲಿಸುವ ಕವೆಯು ಒಂದೇ ಸಮನೆ ತಿರುಗುವುದಿಲ್ಲ! ಪ್ರತಿಯೊಂದು ಸುತ್ತಿನಲ್ಲಿಯೂ ಅದು ಎರಡು ಸಲ ಮುನ್ನುಗ್ಗಿ ಎರಡು ಸಲ ಹಿಂದುಳಿಯುತ್ತದೆ. ಕಾರಣವನ್ನು ಹೀಗೆ ಊಹಿಸಿಕೊಳ್ಳಬಹುದು. ಗೇರುಪೆಟ್ಟಿಗೆಯ ಕಡೆಯ ದಂಡ ಸಮತಲವಾಗಿದೆ, ಮುಂದಿನ ದಂಡ ಕೆಳಕ್ಕೆ ಇಳಿದಿದೆ ಎನ್ನೋಣ. ಚಾಲಕ ಕವೆಯ ತೋಳುಗಳು ಮೇಲೆ-ಕೆಳಗಾಗಿ ನಿಂತ ಕ್ಷಣದಲ್ಲಿ ಕ್ರಾಸು ಚಾಲಕ ದಂಡಕ್ಕೆ ನೇರವಾಗಿ, ಎರಡನೆಯ ದಂಡಕ್ಕೆ ಓರೆಯಾಗಿ ನಿಂತಿರುತ್ತದೆ. ಕಾಲು ಸುತ್ತು ತಿರುಗಿ ಆ ತೋಳುಗಳು ಎಡ-ಬಲಕ್ಕೆ ಬಂದಾಗ ಕ್ರಾಸು ಎರಡನೆಯ ದಂಡಕ್ಕೆ ನೇರವಾಗುತ್ತದೆ, ಮೊದಲನೆಯದಕ್ಕೆ ಓರೆಯಾಗುತ್ತದೆ. ಮೊದಲನೆಯ ಸ್ಥಿತಿಯಲ್ಲಿ ಎರಡನೆಯ ದಂಡದ ವೇಗ ಹೆಚ್ಚು, ಎರಡನೆಯ ಸ್ಥಿತಿಯಲ್ಲಿ ಕಡಿಮೆ. ತ್ರಿಕೋಣಮಿತಿ ಬಲ್ಲವರಿಗೆ ಇದರ ಎಲ್ಲೆಗಳು ಬಹು ಸೊಗಸಾಗಿ ತೋರುವುವು: ಓರೆಯ ಕೋನದ ಕೊಸೈನಿನಿಂದ ಚಾಲಕ ವೇಗವನ್ನು ಗುಣಿಸಿದರೆ ಕನಿಷ್ಠ ವೇಗ, ಭಾಗಿಸಿದರೆ ಗರಿಷ್ಠ ವೇಗ. ಕೋನವು ೧೦ ಡಿಗ್ರಿಯಾದರೆ ೧,೦೦೦ ಸುತ್ತುಗಳ ವೇಗವು ೯೮೫ಕ್ಕೂ ೧,೦೧೫ಕ್ಕೂ ನಡುವೆ ತೂಗುತ್ತದೆ. ೨೦ ಡಿಗ್ರಿಯಾದರೆ ೯೪೦ಕ್ಕೂ ೧,೦೬೪ಕ್ಕೂ ನಡುವೆ. ಕೋನ ಇಮ್ಮಡಿಯಾದರೆ ತೂಗಾಟವು ನಾಲ್ಮಡಿಗೂ ಮಿಗಿಲಾಗುವುದನ್ನು ಗಮನಿಸಬೇಕು.

ಹಾಗಾದರೆ ಜೀಪು ಸದಾ ನಡುಗುತ್ತಲೇ ಇರಬೇಕಲ್ಲವೆ? ಇಲ್ಲ, ದಂಡದ ಇನ್ನೊಂದು ತುದಿಯ ಕೀಲು ಮೊದಲನೆಯದರ ತಪ್ಪನ್ನು ತಿದ್ದುತ್ತದೆ. ಮೊದಲನೆಯ ಕೀಲು ದಂಡವನ್ನು ಮುಂದಕ್ಕೆ ನೂಕಿದ ಕ್ಷಣದಲ್ಲಿಯೇ ಎರಡನೆಯ ಕೀಲು ಅಷ್ಟೇ ಪ್ರಮಾಣದಲ್ಲಿ ಹಿಂದಕ್ಕೆ ಎಳೆಯುತ್ತದೆ. ನಡುವಣ ದಂಡ ಮಾತ್ರ ತೂಗಾಡುತ್ತದೆ. ಅಚ್ಚಿಗೆ ಸಮನಾದ ವೇಗವೇ ಮುಟ್ಟುತ್ತದೆ. ಆದರೆ ಇದಕ್ಕೆ ಎರಡು ನಿಬಂಧನೆಗಳುಂಟು. ಎರಡು ಕೀಲುಗಳ ಓರೆಯೂ ಸಮನಾಗಿರಬೇಕು. ನಡುವಣ ದಂಡದ ಎರಡು ತುದಿಯ ಕವೆಗಳೂ ಒಂದೇ ಸಮತಲದಲ್ಲಿರಬೇಕು. ದಂಡವನ್ನು ನೆಲದ ಮೇಲಿಟ್ಟಾಗ ಒಂದು ಕವೆ ಅಂಗಾತ ಮಲಗಿದ್ದರೆ ಇನ್ನೊಂದೂ ಹಾಗೆಯೇ ಮಲಗಿರಬೇಕೆಂದು ಅರ್ಥ. ಒಂದು ಮಲಗಿ ಇನ್ನೊಂದು ನೆಟ್ಟಗೆ ನಿಂತಿದ್ದರೆ ಎರಡನೆಯ ಕೀಲು ತಪ್ಪನ್ನು ತಿದ್ದುವ ಬದಲು ಅದಕ್ಕೆ ಕೈಗೂಡಿಸುತ್ತದೆ. ಆಗ ೨೦ ಡಿಗ್ರಿ ಓರೆಯಲ್ಲಿ ೧,೦೦೦ ಸುತ್ತುಗಳ ವೇಗವು ೮೮೩ರಿಂದ ೧,೧೩೨ರವರೆಗೆ ಜಗ್ಗಾಡುತ್ತದೆ.

ನಮ್ಮ ರೈತರ ಜೀಪಿನಲ್ಲಿ ಆಗಿದ್ದುದು ಇದರ ಸಣ್ಣ ರೂಪ. ಕೆಲಸದ ಅನುಕೂಲಕ್ಕೆಂದು ಹಲ್ಲುಕೊಳವೆಯನ್ನು ಎಳೆದು ದಂಡವನ್ನು ಎರಡು ಮಾಡಿದ್ದರು. ಮತ್ತೆ ಕೂಡಿಸುವಾಗ ಒಂದೆರಡು ಹಲ್ಲು ತಪ್ಪಿತ್ತು. ಕಣ್ಣಿಗೆ ಅಷ್ಟೇನೂ ತೋರದು. ಗಾಡಿ ಮಾತ್ರ ಅದನ್ನು ಪ್ರತಿ ಸುತ್ತಿಗೆ ಎರಡು ಸಲ ಸಾರುತ್ತಿತ್ತು.

ಕೀಲು ಮೊದಲಿಗೆ ಸವೆಯುವುದಾದರೂ ಏಕೆ? ಗ್ರೀಸು ಒಣಗುವುದೂ ಕಪ್ಪಿನ ಬಾಯಿಯ ಮುದ್ರೆ ಹರಿದು ಕೆಸರು ನೀರು ಒಳಹೊಗುವುದೂ ಮುಖ್ಯ ಕಾರಣಗಳು. ಸೂಜಿಗಳು ಪೂರ್ತಿಯಾಗಿ ಉರುಳುವುದಿಲ್ಲ, ಓರೆಗೆ ತಕ್ಕಷ್ಟು ಹಿಂದುಮುಂದಾಡುತ್ತವೆ, ಅಷ್ಟೆ. ಆದುದರಿಂದ ಅವು ಮೊನೆಯ ಮೇಲೆ ನಿಂತಲ್ಲೇ ನಿಂತು ಗೆರೆಗೆರೆಯಾಗಿ ಕೊರೆಯುತ್ತವೆ. ಓರೆಯೇ ಇಲ್ಲದೆ ನೆಟ್ಟಗಿರುವ ದಂಡವೇ ಎಲ್ಲಕ್ಕಿಂತ ಒಳ್ಳೆಯದೆಂದು ತೋರಬಹುದು, ನಿಜವಾಗಿ ಹಾಗಲ್ಲ. ಆಗ ಸೂಜಿಗಳು ಅಲುಗಾಡುವುದೇ ಇಲ್ಲವಾಗಿ ಒಂದೇ ಜಾಗವನ್ನು ತಿನ್ನುತ್ತವೆ. ತುಸು ಓರೆಯಿರುವುದೇ ಕೀಲಿಗೆ ಹಿತ.

ಸವೆತದ ಲಕ್ಷಣಗಳು ಹಲವು. ನಿಂತ ಗಾಡಿಯನ್ನು ಹೊರಡಿಸುವಾಗ ಕೆಳಗಿನಿಂದ ‘ಖಣ್’ ಎಂಬ ಸದ್ದು. ಒಣಗಿದ ಕೀಲಾದರೆ ನಿಧಾನದ ಓಟದಲ್ಲಿ ಕಿರುಗುಟ್ಟುವಿಕೆ. ವೇಗ ಹೆಚ್ಚಿದಾಗ ನಡುಕ. ಕಪ್ಪಿನ ಅಂಚಿನಲ್ಲಿ ತುಕ್ಕಿನ ಕೆಂಪು ಹುಡಿ. ಎಂಜಿನನ್ನು ನಿಲ್ಲಿಸಿ, ಗಾಲಿಗಳಿಗೆ ಬೆಣೆ ಕೊಟ್ಟು, ದಂಡವನ್ನು ಕೈಯಿಂದ ತಿರುಚಿಯೂ ಮೇಲಕ್ಕೆತ್ತಿಯೂ ನೋಡಬೇಕು. ಕ್ರಾಸಿಗೂ ಕವೆಗೂ ನಡುವೆ ಕಣ್ಣಿಗೆ ಕಾಣುವಷ್ಟು ಸಡಿಲವಿದ್ದರೆ ಅದು ಸವೆದಿದೆ. ಆದರೆ ನಡುಕ ಕಂಡೊಡನೆ ಸುತ್ತಿಗೆ ಹಿಡಿಯುವ ಮುನ್ನ ದಂಡವನ್ನು ತೊಳೆಯಬೇಕು. ಎರೆಯ ಸೀಮೆಯವರು ಇದನ್ನು ವಿಶೇಷವಾಗಿ ನೆನಪಿಡತಕ್ಕದ್ದು. ದಂಡದ ನಡುವಿನಿಂದ ೩ ಸೆಂಟಿಮೀಟರು ದೂರದಲ್ಲಿ ೫೦ ಗ್ರಾಂ ಮಣ್ಣು ಒಂದೇ ಮಗ್ಗುಲಿಗೆ ಅಂಟಿದೆಯೆನ್ನೋಣ. ಮೇಲೆ ಹೇಳಿದ ವೇಗದಲ್ಲಿ ಅದು ಸುಮಾರು ೯೫ ನ್ಯೂಟನ್, ಅಂದರೆ ಒಂಬತ್ತೂವರೆ ಕಿಲೋಗ್ರಾಂ ತೂಕದಷ್ಟು ಬಲದಿಂದ ದಂಡವನ್ನು ಹೊರಕ್ಕೆಳೆಯುತ್ತದೆ. ಆ ಎಳೆತದ ದಿಕ್ಕು ಸೆಕೆಂಡಿಗೆ ೪೦ ಸಲ ಸುತ್ತುತ್ತದೆ. ಒಂದು ಬಕೀಟು ನೀರಿನಿಂದ ಗುಣವಾದ ‘ಕೀಲು ರೋಗ’ಗಳು ಎಷ್ಟೋ ಇವೆ.

ಇನ್ನು ರಿಪೇರಿಯ ಮಾತು. ಎಲ್ಲಕ್ಕಿಂತ ಮೊದಲು ಪ್ರಾಣರಕ್ಷಣೆಯ ವಿಷಯವನ್ನು ಹೇಳಬೇಕು. ಹಳೆಯ ಜೀಪುಗಳಲ್ಲಿ ಕೈಬ್ರೇಕು ಗಾಲಿಗಳಲ್ಲಿರುವುದಿಲ್ಲ. ಟ್ರಾನ್ಸ್‌ಫರ್ ಪೆಟ್ಟಿಗೆಯ ಹಿಂಬದಿಯಲ್ಲಿ, ದಂಡ ಹೊರಡುವ ಜಾಗದಲ್ಲಿಯೇ ಇರುತ್ತದೆ. ಹಿಂದಿನ ದಂಡವನ್ನು ಬಿಚ್ಚಿದಿರೆಂದರೆ ಕೈಬ್ರೇಕಿಗೂ ಹಿಂದಿನ ಗಾಲಿಗಳಿಗೂ ಸಂಬಂಧವೇ ಕಡಿದುಹೋಗುತ್ತದೆ. ಗೇರು ಹಾಕಿದ್ದರೂ ಆ ಗಾಲಿಗಳನ್ನು ಅದು ಹಿಡಿಯದು. ಇಳಿಜಾರಿನಲ್ಲಿ ನಿಂತ ಗಾಡಿ, ಅದರ ಕೆಳಗೆ ಮಲಗಿದ ಮನುಷ್ಯ, ಕೊನೆಯ ಬೋಲ್ಟು ಸಡಿಲಾದ ಕ್ಷಣ—ಇವನ್ನು ಒಮ್ಮೆ ಕಲ್ಪಿಸಿಕೊಂಡರೆ ಸಾಕು. ಮಟ್ಟಸವಾದ ಗಟ್ಟಿ ನೆಲದಲ್ಲಿ ಗಾಡಿಯನ್ನು ನಿಲ್ಲಿಸಿ, ಗಾಲಿಗಳ ಮುಂದೂ ಹಿಂದೂ ಮರದ ಬೆಣೆಗಳನ್ನು ಬಡಿದ ಹೊರತು ಕೆಳಗೆ ಹೋಗಕೂಡದು. ಬರಿಯ ಜಾಕಿನ ಮೇಲೆ ನಿಂತ ಗಾಡಿಯ ಕೆಳಗಂತೂ ಎಂದಿಗೂ ಹೋಗಕೂಡದು.

ಎರಡನೆಯದು ಗುರುತು. ಬಿಚ್ಚುವ ಮೊದಲೇ ಹಲ್ಲುಕೊಳವೆಯ ಎರಡು ಭಾಗಗಳ ಮೇಲೂ, ಅಚ್ಚಿನ ಕವೆಯ ಮೇಲೂ ಪಂಚಿನಿಂದ ಎದುರುಬದುರು ಚುಕ್ಕೆ ಹೊಡೆಯಬೇಕು. ತಯಾರಕರೇ ಹಾಕಿದ ಬಾಣದ ಗುರುತುಗಳಿದ್ದರೂ ಕೆಸರು ತುಕ್ಕುಗಳಲ್ಲಿ ಅವು ಮುಚ್ಚಿಹೋಗಿರುವುದುಂಟು. ಬಳಿಕ ಯು-ಬೋಲ್ಟುಗಳನ್ನು ಬಿಚ್ಚಿ, ಸಡಿಲಾದ ಕಪ್ಪುಗಳು ಕೆಳಗೆ ಬಿದ್ದು ಸೂಜಿಗಳು ಚೆಲ್ಲದಂತೆ ಅವುಗಳ ಸುತ್ತ ಪಟ್ಟಿ ಸುತ್ತಿ, ದಂಡವನ್ನು ಇಳಿಸಬೇಕು. ಕಪ್ಪುಗಳನ್ನು ಹಿಡಿದಿರುವ ಉಂಗುರಗಳನ್ನು—ಮಿಸ್ತ್ರಿಗಳು ‘ಲಾಕು’ ಎನ್ನುವುದು ಇವನ್ನೇ—ತೆಗೆದು, ವೈಸಿನಲ್ಲಿ ಒಂದು ಕಡೆಯಿಂದ ಒತ್ತಿದರೆ ಎದುರು ಕಡೆಯ ಕಪ್ಪು ಹೊರಬರುತ್ತದೆ. ಸುತ್ತಿಗೆಯಿಂದ ಕವೆಯನ್ನೇ ಬಡಿಯುವ ರೂಢಿ ಕೆಟ್ಟದ್ದು; ಕವೆಯ ತೂತು ಕೂದಲೆಳೆಯಷ್ಟು ಸೊಟ್ಟಗಾದರೂ ಹೊಸ ಕಪ್ಪು ನೇರವಾಗಿ ಕೂರದು.

ಹೊಸ ಕ್ರಾಸನ್ನು ಕೂಡಿಸುವಾಗ ಆಗುವ ಸಾಮಾನ್ಯ ತಪ್ಪೆಂದರೆ ಸೂಜಿಯೊಂದು ಕಪ್ಪಿನ ತಳಕ್ಕೆ ಅಡ್ಡ ಬೀಳುವುದು. ಆಗ ಕಪ್ಪು ಪೂರ್ತಿ ಒಳಸೇರದೆ ಲಾಕು ತನ್ನ ಗಾಡಿಗೆ ಬೀಳುವುದಿಲ್ಲ. ಬಲವಂತದಿಂದ ಒತ್ತದೆ ಕಪ್ಪನ್ನು ತೆಗೆದು ನೋಡಬೇಕು. ಸೂಜಿಗಳನ್ನು ಗ್ರೀಸಿನಲ್ಲಿ ಅಂಟಿಸಿಟ್ಟು ಮೆಲ್ಲನೆ ಒತ್ತಿದರೆ ಈ ತೊಂದರೆ ಬಾರದು. ಗ್ರೀಸ್ ನಿಪ್ಪಲ್ಲಿಗೆ ಮುಂದೆ ಗನ್ನು ಮುಟ್ಟುವಂತಿರಬೇಕು. ಕೂಡಿಸಿದ ಮೇಲೆ ಕವೆಯು ಬಿಗಿತವಿಲ್ಲದೆ, ಸಡಿಲವೂ ಇಲ್ಲದೆ ಎಲ್ಲ ಕಡೆಗೂ ಬಾಗಬೇಕು.

ಕ್ರಾಸನ್ನು ಬದಲಿಸುವುದು ಸಾಧ್ಯ. ಸವೆದ ಹಲ್ಲುಕೊಳವೆಯನ್ನು ರಿಪೇರಿ ಮಾಡುವುದು ನನ್ನ ಮಟ್ಟಿಗೆ ವ್ಯರ್ಥ ಪ್ರಯಾಸ, ಆ ಭಾಗವನ್ನೇ ಬದಲಿಸಬೇಕು. ಕೊಳವೆದಂಡವು ಬಾಗಿದ್ದರೆ ಅಥವಾ ಕಲ್ಲು ತಾಗಿ ತಗ್ಗು ಬಿದ್ದಿದ್ದರೆ ಬೆಸುಗೆಯಂಗಡಿಯಲ್ಲಿ ಅಂದಾಜಿನಿಂದ ನೆಟ್ಟಗೆ ಮಾಡಿಸುವುದು ಅಪಾಯಕರ. ಲೇತಿನ ಮೇಲೆ ಕಟ್ಟಿ ನೇರವನ್ನು ಅಳೆದು, ಕೊನೆಗೆ ತೂಕದ ಸಮತೋಲವನ್ನು ಪರೀಕ್ಷಿಸಬಲ್ಲ ಕಾರ್ಖಾನೆಗೇ ಅದನ್ನು ಒಯ್ಯಬೇಕು. ದಂಡದ ಮೈಮೇಲೆ ಬೆಸೆದಿರುವ ಸಣ್ಣ ಉಕ್ಕಿನ ಚೂರುಗಳು ಈ ಸಮತೋಲಕ್ಕಾಗಿಯೇ ಇರುವಂಥವು. ಕಸವೆಂದು ತಿಳಿದು ಅವನ್ನು ಕಿತ್ತುಹಾಕಿದ ಉತ್ಸಾಹಿ ಹುಡುಗರನ್ನು ಕಂಡಿದ್ದೇನೆ.

ಹೊಸ ಕೀಲನ್ನು ಬಹುಕಾಲ ಉಳಿಸಿಕೊಳ್ಳುವುದು ಚಾಲಕನ ಕೈಯಲ್ಲಿಯೂ ಇದೆ. ತಿರುವಿನಲ್ಲಿ ಮುಂದಿನ ಗಾಲಿಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಉರುಳುತ್ತವೆ. ನಾಲ್ಕು ಗಾಲಿಯ ಚಾಲನೆಯಲ್ಲಿ ಹಳೆಯ ಜೀಪಿನ ಎರಡು ದಂಡಗಳೂ ಒಂದಕ್ಕೊಂದು ಬಿಗಿದುಕೊಂಡಿರುವುದರಿಂದ ಈ ವ್ಯತ್ಯಾಸಕ್ಕೆ ಎಡೆಯಿಲ್ಲ. ಎರೆಯ ಕೆಸರಿನಲ್ಲಿ ಗಾಲಿ ತುಸು ಜಾರಿ ಲೆಕ್ಕ ಸರಿಹೋಗುತ್ತದೆ. ಹುಬ್ಬಳ್ಳಿ-ಧಾರವಾಡದ ಒಣ ಡಾಂಬರಿನ ಮೇಲೆ ಗಾಲಿ ಜಾರದು. ಆ ಬಿಗಿತವೆಲ್ಲ ದಂಡಗಳಲ್ಲಿಯೂ ಕೀಲುಗಳಲ್ಲಿಯೂ ತಿರುಚಾಗಿ ತುಂಬಿಕೊಳ್ಳುತ್ತದೆ. ಹೊಲದಿಂದ ರಸ್ತೆಗೆ ಬಂದೊಡನೆ ಮುಂದಿನ ಚಾಲನೆಯನ್ನು ಬಿಡಿಸುವುದು ಇದಕ್ಕಾಗಿಯೇ.

ರೈತರ ಜೀಪಿಗೆ ಕೊನೆಗೆ ಮೂರನೆಯ ಹೊಸ ಕ್ರಾಸನ್ನು ಹಾಕಿದೆವು. ಹಿಂದಿನ ಎರಡನ್ನು ವ್ಯರ್ಥಗೊಳಿಸಿದ ದೋಷವನ್ನು ತಿದ್ದಲು ಒಂದು ಕಾಸೂ ಹಿಡಿಯಲಿಲ್ಲ. ಹಲ್ಲುಕೊಳವೆಯನ್ನು ಹೊರಗೆಳೆದು, ಎರಡು ಕವೆಗಳೂ ಒಂದೇ ಮಟ್ಟಕ್ಕೆ ಬರುವಂತೆ ತಿರುಗಿಸಿ, ಮತ್ತೆ ಒಳಕ್ಕೆ ನೂಕಿದೆವು. ಆಮೇಲೆ ಪಂಚನ್ನೂ ಸುತ್ತಿಗೆಯನ್ನೂ ನನ್ನ ಕೈಯಿಂದ ತೆಗೆದುಕೊಂಡು ರೈತರೇ ಎರಡು ಚುಕ್ಕೆಗಳನ್ನು ಹೊಡೆದರು, ಕೆಸರು ಮೆತ್ತಿದರೂ ಬೆರಳಿಗೆ ಸಿಗುವಷ್ಟು ಆಳವಾಗಿ.