ನಮ್ಮ ಗುಡ್ಡದ ಕುರುಚಲು ಕಾಡು



‘ಕಾಡು’ ಅಂದ ಕೂಡಲೆ ನಮ್ಮ ಕಣ್ಣ ಮುಂದೆ ಬರುವುದು ಪುಸ್ತಕದಲ್ಲಿರುವ ಮಲೆನಾಡಿನ ಚಿತ್ರ. ಮುಗಿಲು ಮುಟ್ಟುವ ಮರ, ಆನೆ, ಹುಲಿ, ಜಲಪಾತ. ನಮ್ಮೂರ ಗುಡ್ಡ ತೋರಿಸಿ ‘ಇದೂ ಒಂದು ಕಾಡು’ ಅಂದರೆ ಯಾರೂ ನಂಬುವುದಿಲ್ಲ. ‘ಅಲ್ಲೇನೈತೆ, ಬರೀ ಮುಳ್ಳು, ಕಲ್ಲು’ ಅಂತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಹೋದ ವರ್ಷದ ವನಮಹೋತ್ಸವದ ನಂತರ ನನ್ನ ಅಭಿಪ್ರಾಯ ಬದಲಾಯಿತು. ಅದನ್ನು ಕೊನೆಗೆ ಹೇಳುತ್ತೇನೆ.

ಕುರುಚಲು ಕಾಡು ಎಂದರೇನು?

ಮರಕ್ಕಿಂತ ಪೊದೆಗಳು ಹೆಚ್ಚಾಗಿರುವ ಕಾಡೇ ಕುರುಚಲು ಕಾಡು. ಪೊದೆಗೆ ಮರದಂತೆ ಒಂದೇ ದಪ್ಪ ಕಾಂಡ ಇರುವುದಿಲ್ಲ. ನೆಲದ ಹತ್ತಿರದಿಂದಲೇ ಹಲವು ಕವಲು ಒಡೆಯುತ್ತವೆ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ.ಗಿಂತ ಹೆಚ್ಚು ಮಳೆ ಬೀಳುತ್ತದೆ. ನಮ್ಮ ಚಿತ್ರದುರ್ಗ, ಬಳ್ಳಾರಿ, ಕೊಪ್ಪಳದ ಕಡೆ ಸುಮಾರು 500ರಿಂದ 600 ಮಿ.ಮೀ. ಅಷ್ಟೆ. ಗುಡ್ಡದ ಮೇಲೆ ಮಣ್ಣು ತೆಳು, ಕೆಳಗೆ ಬಂಡೆ. ಇಂಥ ಕಡೆ ದೊಡ್ಡ ಮರಗಳು ಒತ್ತೊತ್ತಾಗಿ ಬೆಳೆಯಲಾರವು, ಪೊದೆಗಳು ಬೆಳೆಯುತ್ತವೆ. ಸೌದೆಗೆ ಕಡಿದು, ಬೆಂಕಿ ಬಿದ್ದು, ದನ-ಆಡು ಅತಿಯಾಗಿ ಮೇಯ್ದು ಮರದ ಕಾಡೇ ಕುರುಚಲಾದದ್ದೂ ಉಂಟು. ಆದ್ದರಿಂದ ಎಲ್ಲ ಕುರುಚಲು ಕಾಡನ್ನೂ ‘ಹಾಳಾದ ಕಾಡು’ ಎನ್ನುವುದು ಸರಿಯಲ್ಲ.

ಬರಕ್ಕೆ ಜಗ್ಗದ ಗಿಡಗಳು

1. ಬಂದರೆ: ಇದರ ಎಲೆ ಮುಟ್ಟಿದರೆ ಅಂಟಂಟು, ನೋಡಿದರೆ ಹೊಳಪು. ಈ ಅಂಟಿನ ಲೇಪ ಎಲೆಯ ನೀರು ಆವಿಯಾಗಿ ಹೋಗುವುದನ್ನು ಕಡಿಮೆ ಮಾಡುತ್ತದೆ. ಕಾಯಿಗೆ ರೆಕ್ಕೆಗಳಿರುವುದರಿಂದ ಗಾಳಿಗೆ ಹಾರಿ ಹೋಗಿ ದೂರದಲ್ಲಿ ಹುಟ್ಟುತ್ತದೆ.

2. ತಂಗಡಿ: ಹಳದಿ ಹೂವಿನ ಗಿಡ. ಹಿಂದೆ ಇದರ ತೊಗಟೆಯಿಂದ ಚರ್ಮ ಹದ ಮಾಡುತ್ತಿದ್ದರು.

3. ಕವಳೆ: ಹಣ್ಣು ತಿನ್ನದವರು ನಮ್ಮಲ್ಲಿ ಯಾರಿದ್ದಾರೆ? ಇದರ ಮುಳ್ಳು ದನ, ಆಡುಗಳಿಂದ ಗಿಡವನ್ನು ಕಾಯುತ್ತದೆ.

4. ಕಳ್ಳಿ: ನೀರನ್ನು ಕಾಂಡದಲ್ಲೇ ಕೂಡಿಡುತ್ತದೆ. ಎಲೆ ಉದುರಿದರೂ ಹಸಿರು ಕಾಂಡವೇ ಆಹಾರ ತಯಾರಿಸುತ್ತದೆ.

ಒಂದಕ್ಕೊಂದು ಆಸರೆ

ಪಿಕಳಾರ ಹಕ್ಕಿ ಹಣ್ಣು ತಿಂದು ಬೀಜವನ್ನು ಬೇರೆ ಕಡೆ ಹಾಕುತ್ತದೆ. ಕರಡಿಯೂ ಅಷ್ಟೆ. ಕವಳೆ, ಬಾರೆ, ಕಕ್ಕೆಯ ಹಣ್ಣು ತಿಂದು ಹಿಕ್ಕೆಯಲ್ಲಿ ಬೀಜ ಬಿತ್ತುತ್ತಾ ಹೋಗುತ್ತದೆ. ಕರಡಿಗೆ ಮೇಲ್ದವಡೆಯ ಮುಂದಿನ ನಡುವಿನ ಎರಡು ಹಲ್ಲು ಇರುವುದಿಲ್ಲ. ಆ ಸಂದಿಯಿಂದಲೇ ಗೆದ್ದಲನ್ನು ಸೊರ್ರನೆ ಎಳೆದುಕೊಳ್ಳುತ್ತದೆ! ಬಂಡೆ, ಹುತ್ತ, ಪೊದೆ ಮೂರೂ ಇರುವ ಜಾಗ ಅದಕ್ಕೆ ಬೇಕು. ಅದಕ್ಕೇ 1994ರಲ್ಲಿ ಹಂಪಿಯ ಹತ್ತಿರ ದರೋಜಿಯಲ್ಲಿ ಕರಡಿ ಧಾಮ ಮಾಡಿದರು. ಅದೂ ಕುರುಚಲು ಕಾಡೇ. ಮೊಲ, ಕೌಜುಗ, ನರಿ, ತೋಳ ಇವಕ್ಕೂ ಪೊದೆಯೇ ಮನೆ.

ಇನ್ನು ನೀರಿನ ವಿಚಾರ. ಬೋಳು ನೆಲದ ಮೇಲೆ ಮಳೆಹನಿ ರಪ್ಪನೆ ಬಿದ್ದು ಮಣ್ಣನ್ನು ಎಬ್ಬಿಸುತ್ತದೆ. ಆ ಮಣ್ಣು ಕೊಚ್ಚಿಕೊಂಡು ಹೋಗಿ ಕೆರೆಗೆ ಹೂಳಾಗುತ್ತದೆ. ಪೊದೆ ಇದ್ದರೆ ಎಲೆ ಹನಿಯ ಪೆಟ್ಟು ತಡೆಯುತ್ತದೆ, ಬೇರು ಮಣ್ಣು ಹಿಡಿಯುತ್ತದೆ, ಉದುರಿದ ಎಲೆ ನೀರನ್ನು ನಿಧಾನವಾಗಿ ಇಂಗಿಸುತ್ತದೆ.

‘ಬಂಜರು’ ಎಂಬ ಹೆಸರು

ನಮ್ಮ ದೇಶದ ಅರಣ್ಯ ಲೆಕ್ಕದಲ್ಲಿ ಮರಗಳ ನೆರಳು ಶೇ. 10ಕ್ಕಿಂತ ಕಡಿಮೆ ಇರುವ ಕಾಡನ್ನು ‘ಕುರುಚಲು’ ಎಂದು ಬೇರೆ ಬರೆಯುತ್ತಾರೆ, ಅರಣ್ಯ ಹೊದಿಕೆಗೆ ಸೇರಿಸುವುದಿಲ್ಲ. 2000ದಲ್ಲಿ ಮೊದಲು ಬಂದ ಭಾರತದ ಬಂಜರು ಭೂಮಿಯ ನಕ್ಷೆಪುಸ್ತಕದಲ್ಲಿ ಕುರುಚಲು ಭೂಮಿಯೂ ಬಂಜರಿನ ಪಟ್ಟಿಯಲ್ಲಿದೆ. ಬಂಜರು ಅಂದಮೇಲೆ ಅಗೆದರೇನು, ಸುಟ್ಟರೇನು ಅನ್ನುವವರೇ ಜಾಸ್ತಿ. ಆದರೆ ನಮ್ಮೂರ ಕುರಿ ಮೇಯುವುದು, ಕಸಬರಿಗೆ ಹುಲ್ಲು ಬರುವುದು, ಜೇನು ಸಿಗುವುದು ಅಲ್ಲಿಂದಲೇ ಅಲ್ಲವೇ?

ಹಾಗಂತ ಎಲ್ಲ ಪೊದೆಯೂ ಒಳ್ಳೇದಲ್ಲ. ಲಂಟಾನ ಮತ್ತು ಬಳ್ಳಾರಿ ಜಾಲಿ ಎರಡೂ ಅಮೆರಿಕ ಖಂಡದ ಕಡೆಯಿಂದ ಬಂದವು. ಲಂಟಾನವನ್ನು ಸುಮಾರು 200 ವರ್ಷದ ಹಿಂದೆ ಬ್ರಿಟಿಷರು ಅಂದದ ಗಿಡವೆಂದು ತಂದರು. ಈಗ ಇವು ಹುಲ್ಲನ್ನೂ ನಮ್ಮ ಗಿಡಗಳನ್ನೂ ಮುಚ್ಚಿಬಿಡುತ್ತಿವೆ. ಯಾವುದು ನಮ್ಮದು, ಯಾವುದು ಹೊರಗಿನದು ಎಂದು ಗುರುತಿಸಲು ಕಲಿಯಬೇಕು.

ವನಮಹೋತ್ಸವದಲ್ಲಿ ಕಲಿತದ್ದು

ಹೋದ ವರ್ಷ ನಾವೆಲ್ಲ ಸೇರಿ ಗುಡ್ಡದ ಬುಡದಲ್ಲಿ ಬಂದರೆ, ಕವಳೆ ಎಲ್ಲ ಕಡಿದು, ನೆಲ ಸಾಫು ಮಾಡಿ ಸಸಿ ನೆಟ್ಟೆವು. ಚಪ್ಪಾಳೆ ಹೊಡೆದೆವು. ಬೇಸಿಗೆಯಲ್ಲಿ ಹೋಗಿ ನೋಡಿದರೆ ಕೆಲವನ್ನು ಆಡು ತಿಂದಿದ್ದವು, ಉಳಿದವು ಒಣಗಿದ್ದವು. ಮಳೆಗೆ ಅಲ್ಲಿ ಕೊರಕಲೂ ಬಿದ್ದಿತ್ತು. ಕಡಿಯದೆ ಬಿಟ್ಟಿದ್ದ ಒಂದು ಕವಳೆ ಪೊದೆಯೊಳಗೆ ಮಾತ್ರ ಒಂದು ಬೇವಿನ ಸಸಿ ಮೊಣಕಾಲುದ್ದ ಬೆಳೆದು ನಿಂತಿತ್ತು. ಅದನ್ನು ಯಾರೂ ನೆಟ್ಟಿರಲಿಲ್ಲ, ಯಾರೂ ನೀರು ಹಾಕಿರಲಿಲ್ಲ. ಹಕ್ಕಿ ಬೀಜ ಹಾಕಿತ್ತು, ಪೊದೆ ನೆರಳು ಕೊಟ್ಟಿತ್ತು, ಮುಳ್ಳು ಆಡನ್ನು ತಡೆದಿತ್ತು. ನಾವು ಕಡಿದದ್ದು ಸಸಿಗಳ ತೊಟ್ಟಿಲನ್ನು!

ಆದ್ದರಿಂದ ಮೇಷ್ಟ್ರುಗಳಲ್ಲಿ ಮತ್ತು ಗೆಳೆಯರಲ್ಲಿ ನನ್ನ ಒಂದು ವಿನಂತಿ. ಈ ಸಲ ಪೊದೆ ಕಡಿಯುವುದು ಬೇಡ. ಪೊದೆಯ ಮಗ್ಗುಲಲ್ಲೇ ಗುಂಡಿ ತೆಗೆದು ಬೇವು, ಹೊಂಗೆ ನೆಡೋಣ.

ಮಾಡಿ ನೋಡಿ: ಬೋಳು ನೆಲದ ಮೇಲೆ ಒಂದು ಚೊಂಬು ನೀರು, ಪೊದೆಯ ಬುಡದಲ್ಲಿ ಒಂದು ಚೊಂಬು ನೀರು ಸುರಿಯಿರಿ. ಎಲ್ಲಿ ಹರಿದು ಹೋಯಿತು, ಎಲ್ಲಿ ಬೇಗ ಇಂಗಿತು? ಬರೆದು ಈ ಗೋಡೆ ಪತ್ರಿಕೆಗೆ ಕೊಡಿ.

‘ದೂರದ ಬೆಟ್ಟ ನುಣ್ಣಗೆ’ ಅಂತಾರೆ ಹಿರಿಯರು. ನಮ್ಮ ಬೆಟ್ಟ ನುಣ್ಣಗಾಗದೆ ಮುಳ್ಳುಮುಳ್ಳಾಗಿಯೇ ಇರಲಿ.