ಹಗಲು ನುಡಿ, ರಾತ್ರಿ ಗೇಮ್: ಒಂದೇ ಕೀಬೋರ್ಡ್

ರಾಣೆಬೆನ್ನೂರಿನಲ್ಲಿ ನನ್ನದು ಡಿಟಿಪಿ ಕೆಲಸ. ಹಗಲೆಲ್ಲ ಲಗ್ನಪತ್ರಿಕೆ, ಕರಾರುಪತ್ರ. ರಾತ್ರಿ ಅದೇ ಕಂಪ್ಯೂಟರಿನಲ್ಲಿ ಮಗನ ವ್ಯಾಲರಂಟ್ ಆಟ. ಇಬ್ಬರಿಗೂ ಒಂದೇ ಮೆಕ್ಯಾನಿಕಲ್ ಕೀಬೋರ್ಡ್ ಹುಡುಕುವಾಗ ಕಲಿತದ್ದು ಇಷ್ಟು.

1. ಮೊದಲು ನೋಡಬೇಕಾದದ್ದು ಶಿಫ್ಟ್ ಕೀ. ಕೊಂಡುಕೊಳ್ಳುವವರು ಯಾರೂ ಅದನ್ನು ನೋಡುವುದಿಲ್ಲ. ಇಂಗ್ಲಿಷಿನವರಿಗೆ ಅದು ಹೆಚ್ಚಾಗಿ ದೊಡ್ಡಕ್ಷರಕ್ಕೆ. ಕನ್ನಡದ ನುಡಿ ತಂತ್ರಾಂಶದಲ್ಲಿರುವ ಕೆ.ಪಿ. ರಾವ್ ಕೀಲಿ ವಿನ್ಯಾಸದಲ್ಲಾದರೆ ದೀರ್ಘ, ಮಹಾಪ್ರಾಣ, ಣ, ಳ, ಶ, ಸೊನ್ನೆ ಎಲ್ಲದಕ್ಕೂ ಅದೇ ಬೇಕು. ‘ಹಾವೇರಿ’ ಹೊಡೆಯಲು ಎರಡು ಸಲ, ‘ರಾಣೆಬೆನ್ನೂರು’ ಹೊಡೆಯಲು ಮೂರು ಸಲ ಒತ್ತಬೇಕು. ಮಗನೂ ಆಟದಲ್ಲಿ ಸದ್ದಿಲ್ಲದೆ ನಡೆಯಲು ಎಡ ಶಿಫ್ಟನ್ನೇ ಹಿಡಿದಿರುತ್ತಾನೆ. ಹಾಗಾಗಿ ಎಡ ಶಿಫ್ಟ್ ಪೂರ್ತಿ ಅಗಲವಿರಲಿ. ಮೂಲೆಯಲ್ಲಿ ಒತ್ತಿ ನೋಡಿ. ಸಿಕ್ಕಿಕೊಂಡರೆ, ಗಡಗಡ ಅಂದರೆ ವಾಪಸ್ ಕೊಡಿ. ವಿಂಡೋಸ್‌ನಲ್ಲಿ ಸ್ಟಿಕಿ ಕೀಸ್‌ನ ಶಾರ್ಟ್‌ಕಟ್ ಬಂದ್ ಮಾಡಿಡಿ, ಇಲ್ಲವಾದರೆ ಐದು ಸಲ ಶಿಫ್ಟ್ ಒತ್ತಿದೊಡನೆ ಆಟದ ನಡುವೆ ಅದರ ಕಿಟಕಿ ಬಂದು ಕೂರುತ್ತದೆ.

2. ಕೀಗಳ ಅಡಿಯ ಸ್ವಿಚ್ಚುಗಳಲ್ಲಿ ಕೆಂಪು ಆಟಕ್ಕೆ ಚಂದ. ಚೆರ್ರಿ ಕಂಪನಿಯದಾದರೆ ಸುಮಾರು 45 ಗ್ರಾಂ ಒತ್ತಡ ಸಾಕು, 4 ಮಿ.ಮೀ. ಓಟದ ಅರ್ಧದಲ್ಲೇ ಅಕ್ಷರ ಬಿದ್ದಿರುತ್ತದೆ. ಆದರೆ ಬೆರಳು ಸುಮ್ಮನೆ ಊರಿದರೂ ಒಂದು ಅಕ್ಷರ ಹೆಚ್ಚು. ಕರಾರುಪತ್ರದಲ್ಲಿ ಅದು ನಡೆಯದು. ನೀಲಿ ಟಕಟಕ ಎನ್ನುತ್ತದೆ, ಗಿರಾಕಿ ಹೇಳುವ ಸರ್ವೆ ನಂಬರೂ ಕೇಳಿಸುವುದಿಲ್ಲ. ಕಂದು ಬಣ್ಣದ್ದು ಅತ್ತ ಅಲ್ಲ ಇತ್ತ ಅಲ್ಲ ಎಂದು ಗೇಮರುಗಳು ಮೂಗು ಮುರಿಯುತ್ತಾರೆ. ಇಬ್ಬರು ಹಂಚಿಕೊಳ್ಳುವುದಾದರೆ ಅದೇ ಸರಿ. ಬೆಸುಗೆಯಿಲ್ಲದೆ ಸ್ವಿಚ್ಚು ಬದಲಿಸಬಹುದಾದ ಹಾಟ್‌ಸ್ವ್ಯಾಪ್ ಮಾದರಿಯನ್ನೇ ಕೇಳಿ.

3. ಆಟಗಾರನಿಗೆ ಮೌಸ್ ಓಡಿಸಲು ಜಾಗ ಬೇಕು, ಆದ್ದರಿಂದ ನಂಬರ್ ಪ್ಯಾಡ್ ಇಲ್ಲದ 87 ಕೀಗಳದ್ದು ಸಾಕು. ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿಯವರು ಮಾತ್ರ ಈ ಮಾತು ಕೇಳಬೇಡಿ. ಲಾಟು, ತೂಕ, ದರ ಬರೆಯುವ ಕೈಗೆ 104ರದ್ದೇ ಬೇಕು.

4. ಬ್ಯಾಡಗಿಯಲ್ಲಿ ಸೀಜನ್ ಶುರುವಾದರೆ ಮೆಣಸಿನ ದೂಳು ಕೀಗಳ ಸಂದಿಗೂ ಇಳಿಯುತ್ತದೆ. ಬಾಯಿಂದ ಊದಬೇಡಿ, ಘಾಟು ನೇರ ಕಣ್ಣಿಗೇ. ಕ್ಯಾಪ್ ಕಿತ್ತು ಒಣ ಬ್ರಷ್ಷಿನಿಂದ ಗುಡಿಸಿ.

5. ಎಬಿಎಸ್ ಪ್ಲಾಸ್ಟಿಕ್ಕಿನ ಕ್ಯಾಪ್‌ಗಳು ಬೇಗ ಸವೆದು ಮಿರಮಿರ ಹೊಳೆಯುತ್ತವೆ, ಪಿಬಿಟಿ ಬಾಳುತ್ತದೆ. ಬಣ್ಣದ ದೀಪಗಳಿಗೆ ಕೊಡುವ ಹೆಚ್ಚಿನ ದುಡ್ಡನ್ನು ಇದಕ್ಕೆ ಹಾಕಿ.