ಸಾಕ್ಷಿಯಲ್ಲಿ ಬಾರದ ಮಾತು

ನಮ್ಮ ಸಭೆಯ ಮನೆಕೂಟಗಳಲ್ಲಿ ಸಾಕ್ಷಿ ಹೇಳುವವರಿಗೆ ಬರವಿಲ್ಲ. ಕುಡಿತ, ಜೂಜು, ದಾಯಾದಿ ಹಗೆ ಎಲ್ಲವೂ ಬರುತ್ತವೆ. ಆದರೆ ಎಲ್ಲವೂ ಎಂದೋ ಮುಗಿದವು. ಕರ್ತನು ಬಿಡಿಸಿದನು, ಸ್ತೋತ್ರ, ಮುಂದಿನ ಹಾಡು. ಈ ವಾರವೂ ಸೋತೆ ಎನ್ನುವವರಿಗೆ ಅಲ್ಲಿ ಜಾಗವಿರಲಿಲ್ಲ.

ಒಬ್ಬ ಸಹೋದರರು ಮಾತ್ರ ಹೇಳಿಯೇಬಿಟ್ಟರು. ಬಿಟ್ಟಿದ್ದ ಕುಡಿತ ಮತ್ತೆ ಅಂಟಿದೆ, ಹೆಂಡತಿಗೂ ಹೇಳಿಲ್ಲ ಎಂದರು. ಎಲ್ಲರೂ ಗಟ್ಟಿಯಾಗಿ ಪ್ರಾರ್ಥಿಸಿದರು. ಭಾನುವಾರದ ಹೊತ್ತಿಗೆ ಸುದ್ದಿ ಊರೆಲ್ಲ ಹರಡಿತ್ತು. 'ಅವರಿಗಾಗಿ ಸ್ವಲ್ಪ ಪ್ರಾರ್ಥನೆ ಮಾಡಿ' ಎಂದೇ ಒಬ್ಬರು ಇನ್ನೊಬ್ಬರಿಗೆ ದಾಟಿಸಿದ್ದರು. ಹೆಂಡತಿಗೆ ತಿಳಿದದ್ದೂ ಆ ದಾರಿಯಲ್ಲೇ. ಆ ಸಹೋದರರು ಕೂಟಕ್ಕೆ ಬರುವುದನ್ನು ನಿಲ್ಲಿಸಿದರು. ಅವರು ಕುಡಿದದ್ದಕ್ಕಿಂತ ದೊಡ್ಡ ಪಾಪ ಆ ವಾರ ನಮ್ಮ ನಡುವೆ ನಡೆಯಿತು ಎಂದು ನಾನು ಇಂದಿಗೂ ನಂಬಿದ್ದೇನೆ.

ಯಾಕೋಬನ ಪತ್ರಿಕೆ 5:16 ನಮಗೆಲ್ಲ ಬಾಯಿಪಾಠ. ಅದರಲ್ಲಿ ಪ್ರಾರ್ಥನೆಯ ಮಾತನ್ನು ಹಿಡಿದುಕೊಂಡು, ಪಾಪಗಳನ್ನು ಒಬ್ಬರಿಗೊಬ್ಬರು ಅರಿಕೆ ಮಾಡುವ ಮಾತನ್ನು ದಾಟಿಹೋಗುತ್ತೇವೆ. ಜಾನ್ ವೆಸ್ಲಿ 1738ರಲ್ಲಿ ಚಿಕ್ಕ ಗುಂಪುಗಳಿಗೆ ನಿಯಮ ಬರೆದದ್ದು ಇದೇ ವಚನದ ಮೇಲೆ. ಗುಂಪು ವಾರಕ್ಕೊಮ್ಮೆಯಾದರೂ ಸೇರಬೇಕು; ಕಳೆದ ಭೇಟಿಯಿಂದೀಚೆಗೆ ಮಾಡಿದ ಪಾಪವೇನು, ಎದುರಾದ ಶೋಧನೆಯೇನು ಎಂದು ಪ್ರತಿಯೊಬ್ಬರನ್ನೂ ಕೇಳಬೇಕು. ಸೇರುವ ಮುಂಚೆಯೇ ಇನ್ನೊಂದು ಪ್ರಶ್ನೆ: ನಿನ್ನ ತಪ್ಪುಗಳನ್ನು ನಿನಗೆ ನೇರವಾಗಿ ಹೇಳುವುದು ನಿನಗೆ ಒಪ್ಪಿಗೆಯೇ? ಡೀಟ್ರಿಚ್ ಬಾನ್‌ಹಾಫರ್ 1939ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇನ್ನೂ ಮುಂದೆ ಹೋಗುತ್ತಾರೆ: ತಾನೇ ಅರಿಕೆ ಮಾಡದವನು ಬೇರೆಯವರ ಅರಿಕೆ ಕೇಳಲು ತಕ್ಕವನಲ್ಲ. ನಮ್ಮ ಕೂಟದಲ್ಲಿ ಇಲ್ಲದ್ದು ಇದೇ. ಕೇಳಿದವರೆಲ್ಲ ನೀತಿವಂತರಾಗಿ ಕೂತಿದ್ದರು.

ಈಗ ನಾವು ಮೂವರು ಸೇರುತ್ತೇವೆ. ಆ ಸಹೋದರರೂ ಇದ್ದಾರೆ. ಅವರು ಮರಳಿ ಬಂದದ್ದು ಯಾರ ಬೋಧನೆಯಿಂದಲೂ ಅಲ್ಲ. ನಮ್ಮಲ್ಲಿ ಹಿರಿಯರೊಬ್ಬರು ಅವರ ಮನೆಗೆ ಹೋಗಿ ತಮ್ಮ ಕೋಪದ ಕಥೆಯನ್ನು, ಮಗನ ಮೇಲೆ ಕೈಯೆತ್ತಿದ್ದನ್ನು ಮೊದಲು ಹೇಳಿಕೊಂಡಿದ್ದರಿಂದ. ಕೇಳಿದ ಕೂಡಲೇ ವಚನ ಹೇಳಬಾರದು ಎಂಬುದನ್ನು ಇಲ್ಲಿ ಕಲಿತೆ. ಸಂಬಳದ ದಿನ ಸಂಜೆ ಆ ಸಹೋದರರಿಗೆ ಫೋನ್ ಮಾಡುವುದು, ಬಸ್‌ಸ್ಟ್ಯಾಂಡಿನಿಂದ ಮನೆಯವರೆಗೆ ಜೊತೆಗೆ ನಡೆಯುವುದು ಹೆಚ್ಚು ಉಪಯೋಗಕ್ಕೆ ಬಂದಿದೆ.

ನಮ್ಮ ಮೂವರ ಮಾತು ಹೊರಗೆ ಹೋಗುವುದಿಲ್ಲ, ಆದರೆ ಆ ಗುಟ್ಟಿಗೂ ಎಲ್ಲೆಯಿದೆ. ಮಗುವಿಗೋ ಹೆಂಗಸಿಗೋ ಹಿಂಸೆಯಾಗುತ್ತಿದ್ದರೆ ಅದನ್ನು ನಮ್ಮಲ್ಲೇ ಮುಚ್ಚಿಡುವುದಿಲ್ಲ. ಇದನ್ನು ಮೊದಲ ದಿನವೇ ಮಾತಾಡಿಕೊಂಡಿದ್ದೇವೆ. ಅದಕ್ಕೇ ಆ ಹಿರಿಯರು ತಾವು ಕೈಯೆತ್ತಿದ ಮಾತನ್ನು ಹೆಂಡತಿಯ ಮುಂದೆ, ಮಗನ ಮುಂದೆಯೂ ಆಡಿದ್ದಾರೆ.

ದೊಡ್ಡ ಕೂಟದಲ್ಲೂ ಹೀಗೇ ಶುರುಮಾಡಿ ಎಂದು ಸಭಾಪಾಲಕರು ಕೇಳಿದರು. ಬೇಡ ಅಯ್ಯನವರೇ ಎಂದೆವು. ಅದರ ಬದಲು ಇಂಥ ಮೂವರು, ನಾಲ್ವರು ಕೂರುವ ಮನೆಗಳು ಹೆಚ್ಚಲಿ, ಅವುಗಳಲ್ಲೊಂದರಲ್ಲಿ ತಾವೂ ಬಂದು ಕೂರಿ ಎಂದು ಕೇಳಿಕೊಂಡೆವು.